ಮೂರು ಹೆಸರಿನ ಸೀಮೆ

ಕನ್ನಡ ವರ್ಣಮಾಲೆಯಲ್ಲಿ ಞ ಅಂತ ಒಂದು ಬಡಪಾಯಿ ಅಕ್ಷರ ಉಂಟು. ಶಾಲೆಯಲ್ಲಿ ಚ ಛ ಜ ಝ ಆದ ಮೇಲೆ ಮೂಗಿನಲ್ಲಿ ಒಮ್ಮೆ ರಾಗ ಎಳೆದು ಬಿಟ್ಟರೆ ಮುಗಿಯಿತು, ಮತ್ತೆ ಬದುಕಿಡೀ ಅದರ ಗೊಡವೆ ಇಲ್ಲ. ಆದರೆ ನಾನು ಕಾಸರಗೋಡಿನವ. ಬದಿಯಡ್ಕದ ಹತ್ತಿರ ನಮ್ಮ ಮನೆ. ಪೇಟೆಗೆ ಹೋದರೆ ಮಲಯಾಳದಲ್ಲಿ ಞಾನ್, ಞಙ್ಙಳ್ ಅನ್ನಬೇಕು. ನಮ್ಮ ಊರಿನ ಕಡೆಯ ಕವಿ, ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ಜೀವ ತೇದ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರಿನಲ್ಲೇ ಎರಡೆರಡು ಞ ಕೂತಿವೆ. ಹಾಗಾಗಿ ಒಂಬತ್ತು ವರ್ಷದ ಹಿಂದೆ ಹಂಗೇರಿಯ ಒಂದು ಕಾರ್ಖಾನೆಯ ಕೆಲಸಕ್ಕೆ ಬಂದು ಇಳಿದಾಗ, ಊರಿನ ಹೆಸರನ್ನು ಮೊದಲ ದಿನವೇ ಸರಿಯಾಗಿ ಹೇಳಿದವ ನಮ್ಮ ತಂಡದಲ್ಲಿ ನಾನೊಬ್ಬನೇ. ಞೀರೆಜ್‌ಹಾಜಾ. ಜೊತೆಗೆ ಬಂದ ಪುಣೆಯವ ಇವತ್ತಿಗೂ ನಿರೆಗಿಹಾಜಾ ಅನ್ನುತ್ತಾನೆ.

ಞೀರ್ ಅಂದರೆ ಅವರ ಭಾಷೆಯಲ್ಲಿ ಬರ್ಚ್ ಮರ, ಬಿಳಿ ತೊಗಟೆಯದು. ಎಜ್‌ಹಾಜ್ ಅಂದರೆ ಇಗರ್ಜಿ. ಬರ್ಚ್ ಮರಗಳ ನಡುವಿನ ಇಗರ್ಜಿಯ ಊರು. ಸುತ್ತಲ ಮರಳುಮಣ್ಣಿನ ಬಯಲಿಗೇ ಞೀರ್ಶೇಗ್ ಎಂದು ಹೆಸರು. ಈಗ ಅಲ್ಲಿ ಬರ್ಚಿಗಿಂತ ಹೆಚ್ಚು ಕಾಣುವುದು ಸೇಬಿನ ತೋಟ. ಈ ಊರು ಯಾವ ಜಿಲ್ಲೆಯ ಕೇಂದ್ರವೋ ಆ ಜಿಲ್ಲೆಯ ಹೆಸರೇ ನನ್ನನ್ನು ಇಷ್ಟು ವರ್ಷ ಕಾಡಿದ್ದು: ಸಬೊಲ್ಚ್-ಸತ್ಮಾರ್-ಬೆರೆಗ್. ಹಂಗೇರಿಯ ಈಶಾನ್ಯದ ತುದಿ. ಸ್ಲೊವಾಕಿಯ, ಉಕ್ರೇನ್, ರುಮೇನಿಯ, ಹೀಗೆ ಮೂರು ದೇಶಗಳಿಗೆ ತಾಗಿರುವುದು ಆ ದೇಶದ ಹತ್ತೊಂಬತ್ತು ಜಿಲ್ಲೆಗಳಲ್ಲಿ ಇದೊಂದೇ. ವಿಸ್ತಾರ ಸುಮಾರು 5,900 ಚದರ ಕಿಲೋಮೀಟರು, ಅಂದರೆ ನಮ್ಮ ಕಾಸರಗೋಡು ಜಿಲ್ಲೆಯಂಥವು ಸುಮಾರು ಮೂರು ಹಿಡಿದಾವು. ಜನ ಮಾತ್ರ ನಮ್ಮ ಕಾಸರಗೋಡಿನ ಅರ್ಧಕ್ಕೂ ಕಡಿಮೆ.

ಬಂದ ಹೊಸತರಲ್ಲಿ ಇದನ್ನು ನಾನು ಬರೀ ಉದ್ದದ ಹೆಸರು ಅಂದುಕೊಂಡಿದ್ದೆ. ಒಂದು ದಿನ ಕ್ಯಾಂಟೀನಿನಲ್ಲಿ ಎದುರು ಕೂತವನಿಗೆ "ನೀವೂ ಸಬೊಲ್ಚಿಯವರೇ ಅಲ್ಲವಾ" ಅಂದೆ. ಅವ ಚಮಚ ಕೆಳಗಿಟ್ಟ. "ನಾನು ಸತ್ಮಾರಿಯವ" ಅಂದ. ಬಾಯಿಯಲ್ಲಿ ನಗು ಇತ್ತು, ಕಣ್ಣಿನಲ್ಲಿ ಇರಲಿಲ್ಲ. ಅವನ ಊರು ಇದೇ ಜಿಲ್ಲೆಯಲ್ಲಿ, ನಾವು ಕೂತಲ್ಲಿಂದ ಕಾರಿನಲ್ಲಿ ಒಂದು ತಾಸಿನ ದಾರಿ. ಆದರೆ ಸಬೊಲ್ಚಿ ಬೇರೆ, ಸತ್ಮಾರಿ ಬೇರೆ, ಬೆರೆಗಿ ಬೇರೆಯೇ. ಕುಂಬಳೆ ಸೀಮೆಯವರನ್ನು ವಿಟ್ಲ ಸೀಮೆಯವರೆಂದು ಕರೆದರೆ ನಮ್ಮಲ್ಲಿ ಮದುವೆ ಮನೆಯ ಜಗಲಿಯಲ್ಲಿ ಎಂಥ ಮುಖ ಮಾಡುತ್ತಾರೋ ಅದೇ ಮುಖ.

ಆಮೇಲೆ ತಿಳಿಯಿತು, ಆ ಮೂರು ಹೆಸರುಗಳಲ್ಲಿ ಎರಡಕ್ಕೆ ರುಂಡವೇ ಇಲ್ಲ. ಸಬೊಲ್ಚ್ ಹೆಚ್ಚುಕಡಿಮೆ ಇಡಿಯಾಗಿ ಉಳಿದ ಜಿಲ್ಲೆ. ಅದಕ್ಕೆ ಹೆಸರು ಕೊಟ್ಟ ಸಬೊಲ್ಚ್ ಎಂಬ ಹಳ್ಳಿ ಈಗಲೂ ತಿಸಾ ನದಿಯ ದಂಡೆಯಲ್ಲಿ ಉಂಟು. ಕೆಲವೇ ನೂರು ಜನ, ಜೊತೆಗೆ ಸಾವಿರ ವರ್ಷ ಹಳೆಯ ಮಣ್ಣಿನ ಕೋಟೆ. 1092ರಲ್ಲಿ ದೊರೆ ಲಾಸ್ಲೋ ಇಗರ್ಜಿಯ ಹಿರಿಯರ ಸಭೆ ಕರೆದದ್ದು ಇಲ್ಲೇ. ಈಗ ಆ ಕೋಟೆಯ ದಿಬ್ಬದ ಮೇಲೆ ಹುಲ್ಲು. ಸತ್ಮಾರಿನ ಕತೆ ಹಾಗಲ್ಲ. ಸತ್ಮಾರ್ ಪಟ್ಟಣವೂ, ಆ ಜಿಲ್ಲೆಯ ಆಡಳಿತ ನಡೆಯುತ್ತಿದ್ದ ನಜ್‌ಕಾರೋಯ್ ಪಟ್ಟಣವೂ ಈಗ ರುಮೇನಿಯದಲ್ಲಿವೆ. ಬೆರೆಗಿನ ಕೇಂದ್ರವಾಗಿದ್ದ ಬೆರೆಗ್‌ಸಾಸ್ ಉಕ್ರೇನಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿ 1920ರ ಜೂನ್ 4ರಂದು ತ್ರಿಯಾನೋನ್ ಒಪ್ಪಂದಕ್ಕೆ ಸಹಿ ಹಾಕಿ ತನ್ನ ನೆಲದ ಮೂರನೇ ಎರಡು ಪಾಲು ಕಳಕೊಂಡಿತು. ಗೆರೆ ಎಳೆದವರು ಪೇಟೆಗಳನ್ನು ಆಚೆ ಹಾಕಿದರು, ಕೆಲವು ಹಳ್ಳಿಗಳು ಈಚೆ ಉಳಿದವು. ಆ ಹಳ್ಳಿಗಳು ಹೆಸರನ್ನು ಬಿಡಲಿಲ್ಲ. ಸತ್ಮಾರ್ ಜಿಲ್ಲೆಗೆ ಸತ್ಮಾರ್ ಪಟ್ಟಣವೇ ಇಲ್ಲದಂತಾಯಿತು. ಬೆರೆಗಿಗೆ ತರ್ಪ ಎಂಬ ಹಳ್ಳಿ ಕೇಂದ್ರವಾಯಿತು. ಉಗೋಚ ಎಂಬ ಇನ್ನೊಂದು ಜಿಲ್ಲೆ ಇತ್ತು, ಅದರ ಪಾಲಿಗೆ ಈಚೆ ಬಿದ್ದದ್ದು ಒಂದೆರಡು ಹಳ್ಳಿ. ಆದರೂ ಉಗೋಚ ಎಂಬ ಹೆಸರನ್ನು ಕಾಗದದಲ್ಲಿ ಕಾಪಾಡಿದರು.

1923ರಲ್ಲಿ ಈ ಚೂರುಗಳನ್ನೆಲ್ಲ ಒಟ್ಟು ಮಾಡಿ ಮಾತೇಸಲ್ಕ ಎಂಬ ಊರಿನಿಂದ ಆಳತೊಡಗಿದರು. ಆಗ ಇಟ್ಟ ಅಧಿಕೃತ ಹೆಸರು ಕೇಳಿ: "ಆಡಳಿತಕ್ಕಾಗಿ ಸದ್ಯಕ್ಕೆ ಒಂದುಗೂಡಿಸಿದ ಸತ್ಮಾರ್, ಉಗೋಚ ಮತ್ತು ಬೆರೆಗ್ ಜಿಲ್ಲೆ." ಸದ್ಯಕ್ಕೆ! ಸರಕಾರಿ ಮೊಹರಿನಲ್ಲಿ ಸದ್ಯಕ್ಕೆ ಎಂಬ ಪದ ಇದ್ದ ಜಿಲ್ಲೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಗೆರೆ ಇವತ್ತಲ್ಲ ನಾಳೆ ಬದಲಾದೀತು, ಆಗ ಬಿಡಿಸಿ ಮತ್ತೆ ಮೂರು ಮಾಡಬೇಕು, ಅದಕ್ಕೆ ಈಗಲೇ ಗಂಟು ಬಿಗಿಯಾಗಿ ಹಾಕಬೇಡಿ ಎಂಬ ಹಾಗೆ. ಎರಡನೇ ಯುದ್ಧದ ಹೊತ್ತಿಗೆ ಗೆರೆ ಬದಲಾದದ್ದೂ ಹೌದು, ಯುದ್ಧ ಮುಗಿದಾಗ ಮತ್ತೆ ಹಿಂದಿನ ಜಾಗಕ್ಕೇ ಬಂದದ್ದೂ ಹೌದು. 1950ರಲ್ಲಿ ಕಮ್ಯುನಿಸ್ಟ್ ಸರಕಾರ ಇಪ್ಪತ್ತೈದು ಜಿಲ್ಲೆಗಳನ್ನು ಹತ್ತೊಂಬತ್ತಕ್ಕೆ ಇಳಿಸಿದಾಗ ಇದು ಸಬೊಲ್ಚ್-ಸತ್ಮಾರ್ ಆಯಿತು, ಬೆರೆಗ್ ಬಿದ್ದುಹೋಯಿತು. ನಲವತ್ತು ವರ್ಷ ಕಳೆದು 1990ರಲ್ಲಿ ಆ ವ್ಯವಸ್ಥೆಯೇ ಬಿದ್ದಾಗ, ಜನ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಬೆರೆಗನ್ನು ಎತ್ತಿ ತಂದು ಹೆಸರಿನ ಕೊನೆಗೆ ಕೂರಿಸಿದ್ದು. ಉಗೋಚಕ್ಕೆ ಆ ಭಾಗ್ಯ ಬರಲಿಲ್ಲ. ಅಷ್ಟು ಚಿಕ್ಕ ತುಂಡಿಗೆ ಯಾರು ಹಟ ಹಿಡಿಯುತ್ತಾರೆ?

ಈ "ಸದ್ಯಕ್ಕೆ" ಓದಿದ ದಿನ ನನಗೆ ಅಜ್ಜನ ತಗಡಿನ ಪೆಟ್ಟಿಗೆ ನೆನಪಾಯಿತು. ಅದರಲ್ಲಿ ಅಡಿಕೆ ತೋಟದ ದಸ್ತಾವೇಜು ಉಂಟು. ಮದ್ರಾಸು ಪ್ರಾಂತ್ಯ, ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು ಅಂತ ಕನ್ನಡದಲ್ಲೇ ಬರೆದದ್ದು. ಅದರ ಕೆಳಗೆ 1956ರ ನಂತರದ ಕಾಗದಗಳು, ಕೇರಳ ರಾಜ್ಯ, ಕಣ್ಣೂರು ಜಿಲ್ಲೆ. ಅದರ ಮೇಲೆ 1984ರ ನಂತರದವು, ಕಾಸರಗೋಡು ಜಿಲ್ಲೆ. ಅಜ್ಜ ಆ ತೋಟದ ಕಟ್ಟಪುಣಿ ದಾಟಿ ಬೇರೆಲ್ಲೂ ವಾಸ ಮಾಡಿದವರಲ್ಲ. ಬೆರೆಗ್ ಕಡೆಯವರು ಇದೇ ಕತೆಯನ್ನು ನಗೆಚಾಟಿಕೆಯಾಗಿ ಹೇಳುತ್ತಾರೆ: ಮುಂಕಾಚಿನ ಮುದುಕ ಐದು ದೇಶಗಳಲ್ಲಿ ಬದುಕಿದನಂತೆ, ಮುಂಕಾಚ್ ಬಿಟ್ಟು ಹೊರಗೆ ಹೋಗಲೇ ಇಲ್ಲವಂತೆ. ಅಜ್ಜನಿಗೆ ದೇಶ ಬದಲಾಗಲಿಲ್ಲ, ಅಷ್ಟೇ ಪುಣ್ಯ. ಅವರಿಗೂ ಒಂದು "ಸದ್ಯಕ್ಕೆ" ಇತ್ತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಾಗ ಅವರು ಪೇಪರನ್ನು ಕತ್ತರಿಸಿ ದಸ್ತಾವೇಜಿನ ಜೊತೆಗೇ ಇಟ್ಟಿದ್ದರು. ಆ ಪೇಪರ್ ತುಂಡು ಈಗ ಮುಟ್ಟಿದರೆ ಪುಡಿಯಾಗುತ್ತದೆ.

ಜಿಲ್ಲೆಗೆ ಹಂಗೇರಿಯನ್ನಿನಲ್ಲಿ ಮೆದ್ಯೆ ಅನ್ನುತ್ತಾರೆ. ಅದು ಸ್ಲಾವ್ ಭಾಷೆಗಳಿಂದ ಬಂದ ಶಬ್ದ. ಅಲ್ಲಿ ಮೆಜಾ ಅಂದರೆ ಗಡಿ, ಎರಡು ಹೊಲಗಳ ನಡುವಿನ ಬದು. ಆ ಸ್ಲಾವ್ ಶಬ್ದಕ್ಕೂ ಸಂಸ್ಕೃತದ ಮಧ್ಯಕ್ಕೂ ಬೇರು ಒಂದೇ. ಎರಡರ ಮಧ್ಯೆ ಇರುವುದು ಗಡಿ. ಆಮೇಲೆ ಆ ಗಡಿಯ ಒಳಗಿನ ನೆಲಕ್ಕೇ ಗಡಿ ಎಂಬ ಹೆಸರು ನಿಂತಿತು. ಇದನ್ನು ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ, ಯಾಕೆಂದರೆ ನಮ್ಮ ಸೀಮೆಯ ಕತೆಯೂ ಅದೇ ಅಲ್ಲವಾ! ಸಂಸ್ಕೃತದಲ್ಲಿ ಸೀಮಾ ಎಂದರೆ ಎಲ್ಲೆ. ಕನ್ನಡಕ್ಕೆ ಬಂದು ಬಯಲುಸೀಮೆ, ಕುಂಬಳೆ ಸೀಮೆ ಅನ್ನುವಾಗ ಅದು ಎಲ್ಲೆಯೊಳಗಿನ ನಾಡು. ಡಾನ್ಯೂಬಿನ ದಂಡೆಯವರೂ ಪಯಸ್ವಿನಿಯ ದಂಡೆಯವರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಉಪಾಯ ಮಾಡಿದ್ದಾರೆ.

2023ರ ಜನವರಿ 1ರಿಂದ ಅಲ್ಲಿನ ಸರಕಾರ ಮೆದ್ಯೆ ಎಂಬುದನ್ನು ವಾರ್‌ಮೆದ್ಯೆ ಎಂದು ಬದಲಿಸಿತು. ವಾರ್ ಎಂದರೆ ಕೋಟೆ. ಹಳೇ ದೊರೆಗಳ ಕಾಲದ ಪದ, 1950ರ ಮೊದಲು ಇದ್ದದ್ದು. ಕೋಟೆಸೀಮೆ ಅನ್ನಬಹುದು. ನನಗೆ ಇದು ಹಳೇ ಮನೆಗೆ ಹೊಸ ಮುಖಮಂಟಪ ಕಟ್ಟಿದ ಹಾಗೆ ಕಾಣುತ್ತದೆ. ಒಳಗಿನ ಚಾವಡಿ ಸೋರುವುದು ನಿಲ್ಲಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಯಾರೂ ಬಾಯಿಮಾತಿನಲ್ಲಿ ವಾರ್‌ಮೆದ್ಯೆ ಅಂದದ್ದನ್ನು ನಾನು ಕೇಳಿಲ್ಲ, ಅರ್ಜಿ ತುಂಬುವಾಗ ಮಾತ್ರ ಬರೆಯುತ್ತಾರೆ.

ಅರ್ಜಿ ಅಂದಾಗ ಒಂದು ಮಾತು. ಹಂಗೇರಿಯ ಯಾವ ಅರ್ಜಿಯಲ್ಲೂ ಹುಟ್ಟಿದ ಊರಿನ ಪಕ್ಕದಲ್ಲಿ ತಾಯಿಯ ಹೆಸರು ಕೇಳುತ್ತಾರೆ, ಅದೂ ಮದುವೆಗೆ ಮುಂಚಿನ ಹೆಸರು. ನಮ್ಮಲ್ಲಿ ತಂದೆಯ ಹೆಸರು ಬಿಟ್ಟರೆ ಗುಮಾಸ್ತ ತಲೆ ಎತ್ತುವುದಿಲ್ಲ. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಎಂತ ಮಾರಾಯ, ನಾನು ಪಾಸ್‌ಪೋರ್ಟೇ ಇಲ್ಲದೆ ಆ ದೇಶದ ಕಡತಕ್ಕೆ ಸೇರಿದೆನಾ" ಅಂತ ನಕ್ಕರು.

ಮನುಷ್ಯರ ಹೆಸರಿನಲ್ಲೂ ಇವರು ನಮ್ಮ ಹಾಗೆಯೇ. ಯುರೋಪಿನಲ್ಲಿ ಹೆಚ್ಚಿನವರು ಸ್ವಂತ ಹೆಸರು ಮೊದಲು, ಮನೆತನ ಆಮೇಲೆ ಹೇಳಿದರೆ ಹಂಗೇರಿಯವರು ಉಲ್ಟಾ, ಮನೆತನ ಮೊದಲು. ಆ ಮನೆತನದ ಹೆಸರು ಎಷ್ಟೋ ಸಲ ಊರಿನದ್ದು. ಹಂಗೇರಿಯ ರಾಷ್ಟ್ರಗೀತೆ ಬರೆದ ಕವಿ ಕೊಲ್ಚೆಯಿ ಫೆರೆಂಚ್ ಈ ಸತ್ಮಾರ್ ಕಡೆಯವರು. ಕೊಲ್ಚೆಯಿ ಎಂದರೆ ಕೊಲ್ಚೆ ಎಂಬ ಹಳ್ಳಿಯವರು, ಆ ಹಳ್ಳಿ ಈ ಜಿಲ್ಲೆಯಲ್ಲೇ ಉಂಟು. ಕಯ್ಯಾರದ ಕಿಞ್ಞಣ್ಣ ರೈ, ಮಂಜೇಶ್ವರದ ಗೋವಿಂದ ಪೈ, ಕೊಲ್ಚೆಯ ಫೆರೆಂಚ್. ಮೂವರನ್ನು ಸಾಲಾಗಿ ನಿಲ್ಲಿಸಿ ಹಾಜರಿ ಕರೆದರೆ ಮೇಷ್ಟ್ರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೊಲ್ಚೆಯಿ ಆ ಗೀತೆಯನ್ನು ಮುಗಿಸಿದ್ದು 1823ರ ಜನವರಿ 22ರಂದು, ಸತ್ಮಾರ್‌ಚೆಕೆ ಎಂಬ ಹಳ್ಳಿಯಲ್ಲಿ. ಆ ದಿನವನ್ನು ಈಗ ದೇಶವಿಡೀ ಹಂಗೇರಿಯನ್ ಸಂಸ್ಕೃತಿಯ ದಿನ ಎಂದು ಆಚರಿಸುತ್ತಾರೆ. ಗಡಿಯ ಮೂಲೆಯ ಹಳ್ಳಿಯಿಂದ ರಾಷ್ಟ್ರಗೀತೆ ಹೊರಟದ್ದು ನನಗೆ ಆಶ್ಚರ್ಯ ಅಲ್ಲ. ಮನೆಯ ಗೋಡೆ ಎಲ್ಲಿ ಬಿರುಕು ಬಿಟ್ಟಿದೆ ಎಂದು ಗೊತ್ತಾಗುವುದು ಅಂಚಿನ ಕೋಣೆಯಲ್ಲಿ ಮಲಗಿದವರಿಗೇ.

ಚೆಕೆಯ ಸ್ಮಶಾನ ನೋಡಲೇಬೇಕು. ಶಿಲುಬೆ ಇಲ್ಲ, ಕಲ್ಲು ಕಡಿಮೆ. ಓಕ್ ಮರದ ಆಳೆತ್ತರದ ಕಂಬಗಳು, ದೋಣಿಯನ್ನು ಲಂಬವಾಗಿ ನಿಲ್ಲಿಸಿದ ಹಾಗೆ, ಕಪ್ಪಾಗಿ, ಸಾಲುಸಾಲು ನೂರಾರು. ಯಾಕೆ ದೋಣಿ ಎಂದು ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಉತ್ತರ. ಈ ಸೀಮೆಯಲ್ಲಿ ನೆರೆ ಬಂದರೆ ಸತ್ತವರನ್ನೂ ದೋಣಿಯಲ್ಲೇ ಒಯ್ಯಬೇಕಿತ್ತು ಎಂಬುದು ಅಲ್ಲಿ ಸಿಕ್ಕಿದ ಒಬ್ಬ ಅಜ್ಜನ ವಾದ. ವಾದ ಏನೇ ಇರಲಿ, ನೆರೆ ಮಾತ್ರ ನಿಜ. ಇಲ್ಲಿಯ ನದಿಗಳೆಲ್ಲ ಗಡಿಯಾಚೆಯಿಂದ ಇಳಿದು ಬರುವವು. ತಿಸಾ ಉಕ್ರೇನಿನ ಕಾರ್ಪೇಥಿಯನ್ ಬೆಟ್ಟದಿಂದ, ಸಮೋಶ್ ರುಮೇನಿಯದಿಂದ. ಆಚೆ ಮಳೆ ಹೊಡೆದರೆ ಈಚೆ ಮುಳುಗುತ್ತದೆ. 1970ರಲ್ಲಿ ಸಮೋಶ್ ಹಳ್ಳಿಗಳನ್ನೇ ಕೊಚ್ಚಿತು, 2001ರ ಮಾರ್ಚಿನಲ್ಲಿ ತರ್ಪದ ಹತ್ತಿರ ತಿಸಾ ದಂಡೆ ಒಡೆಯಿತು. 2000ನೇ ಇಸವಿಯಲ್ಲಿ ರುಮೇನಿಯದ ಒಂದು ಚಿನ್ನದ ಗಣಿಯ ಸಯನೈಡ್ ನೀರು ಕಟ್ಟೆಯೊಡೆದು ಸಮೋಶಿಗೆ, ಅಲ್ಲಿಂದ ತಿಸಾಕ್ಕೆ ಇಳಿದು ಮೀನುಗಳು ರಾಶಿರಾಶಿ ತೇಲಿದವು. ನಮ್ಮ ಚಂದ್ರಗಿರಿಯೂ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಅನ್ನಿಸಿಕೊಂಡು, ರಾಜ್ಯ ದಾಟಿ ನಮ್ಮಲ್ಲಿಗೆ ಬರುವುದು. ಹೊಳೆಗೆ ಚೆಕ್‌ಪೋಸ್ಟ್ ಇಲ್ಲ.

ಹೊಳೆ ಊರಿಗೆ ಹೆಸರು ಕೊಡುವುದೂ ಎರಡೂ ಕಡೆ ಒಂದೇ ಕ್ರಮ. ನಮ್ಮಲ್ಲಿ ನರಸೀಪುರಗಳು ಹಲವು. ಒಂದು ಹೊಳೆನರಸೀಪುರ, ಇನ್ನೊಂದು ತಿರುಮಕೂಡಲು ನರಸೀಪುರ. ಇಲ್ಲಿ ತಿಸಾಬೆಚ್, ತಿಸಾಕೋರೋದ್, ಞೀರ್‌ಬಾತೋರ್, ಞೀರ್‌ಮದಾ. ಮುಂದೆ ನದಿಯದ್ದೋ ಮರಳುಬಯಲಿನದ್ದೋ ಗುರುತು, ಹಿಂದೆ ಊರು. ನಮ್ಮದು ಜನರ ಬಾಯಲ್ಲಿ ಆದದ್ದು. ಅವರದ್ದು ಬಹಳಷ್ಟು ಕಚೇರಿಯಲ್ಲಿ ಆದದ್ದು. 1898ರ ಕಾಯ್ದೆಯೊಂದು ಒಂದು ಊರಿಗೆ ಒಂದೇ ಹೆಸರು, ಒಂದು ಹೆಸರು ಒಂದೇ ಊರಿಗೆ ಎಂದು ವಿಧಿಸಿತು. ಬರೀ ಚೆಕೆ ಆಗಿದ್ದದ್ದು ಸತ್ಮಾರ್‌ಚೆಕೆ ಆಗಿ ಪಟ್ಟಿ ಸೇರಿತು. ಅಂಚೆಯವನಿಗೆ ಸುಲಭ ಆಯಿತು ನಿಜ. ಆದರೆ ಆಗಿನ ಹಂಗೇರಿಯಲ್ಲಿ ಸ್ಲೊವಾಕರೂ ರುಮೇನಿಯನ್ನರೂ ರುಥೇನಿಯನ್ನರೂ ಇದ್ದರು. ಅವರ ಹಳ್ಳಿಗಳಿಗೂ ಇದೇ ಪೆನ್ನಿನಲ್ಲಿ ಹಂಗೇರಿಯನ್ ಹೆಸರು ಬಿತ್ತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಪೆನ್ನು ಆಚೆಯವರ ಕೈಗೆ ಹೋಯಿತು, ಅವರೂ ಅದನ್ನೇ ಮಾಡಿದರು. ತ್ರಿಯಾನೋನ್ ಎಂದರೆ ಕಣ್ಣೀರು ತುಂಬುವ ನನ್ನ ಜೊತೆಗಾರರಿಗೆ 1898 ಎಂದರೆ ಏನೂ ನೆನಪಾಗುವುದಿಲ್ಲ. ಇದು ನನಗೆ ಅವರಲ್ಲಿ ಇಷ್ಟವಾಗದ ಒಂದು ಗುಣ. ನಮ್ಮವರಲ್ಲಿ ಇಲ್ಲವೇ ಎಂದು ಕೇಳಬೇಡಿ, ಬೆಳಗಾವಿಗೆ ಹೋಗಿ ನೋಡಿ.

ಕಳೆದ ವರ್ಷ ಆ ಸತ್ಮಾರಿ ಜೊತೆಗಾರನ ಕಾರಿನಲ್ಲಿ ಸತ್ಮಾರಿಗೇ ಹೋಗಿದ್ದೆ. 2025ರ ಜನವರಿ 1ರಿಂದ ರುಮೇನಿಯ ರಸ್ತೆ ಗಡಿಯಲ್ಲೂ ಷೆಂಗೆನ್ ಒಳಗೆ, ಅಂದರೆ ಗಡಿ ತಪಾಸಣೆ ಇಲ್ಲದೆ ಓಡಾಡುವ ಯುರೋಪಿನ ದೇಶಗಳ ಕೂಟದೊಳಗೆ, ಬಂದಿದೆ. ಚೆಂಗೆರ್ಶಿಮ ಎಂಬಲ್ಲಿ ಹಳೇ ತಪಾಸಣೆಯ ಚಾವಣಿ ಇನ್ನೂ ನಿಂತಿತ್ತು, ಕೆಳಗೆ ಪೆಟ್ಟಿಗೆಯಂಥ ಕೋಣೆಗಳು ಖಾಲಿ. ಕಾರು ನಿಧಾನ ಮಾಡಿದ, ಅಷ್ಟೇ. "ನನ್ನ ತಾತ ಇಲ್ಲಿ ಕಾಯುತ್ತಾ ಬುತ್ತಿ ಬಿಚ್ಚಿ ತಿಂದು ಮುಗಿಸುತ್ತಿದ್ದ" ಅಂದ. ಪಟ್ಟಣದ ಬೋರ್ಡಿನಲ್ಲಿ ಮೇಲೆ ಸಾತು ಮಾರೆ, ಕೆಳಗೆ ಸತ್ಮಾರ್‌ನೇಮೆತಿ. ಅಲ್ಪಸಂಖ್ಯಾತರು ಶೇಕಡಾ 20ಕ್ಕಿಂತ ಹೆಚ್ಚಿದ್ದಲ್ಲಿ ಅವರ ಭಾಷೆಯಲ್ಲೂ ಹೆಸರು ಬರೆಯಬೇಕೆಂದು ರುಮೇನಿಯದಲ್ಲಿ 2001ರಿಂದ ಕಾನೂನು ಉಂಟು. ಸಾತು ಮಾರೆ ಎಂದರೆ ರುಮೇನಿಯನ್ ಭಾಷೆಯಲ್ಲಿ ದೊಡ್ಡ ಹಳ್ಳಿ. ಸತ್ಮಾರ್ ಎಂಬ ಹಳೇ ಹೆಸರಿನ ಸದ್ದನ್ನೇ ಹಿಡಿದು ತಮ್ಮ ಭಾಷೆಯ ಅರ್ಥ ತುಂಬಿದ್ದಾರೆ. ಹತ್ತಿರ ಹತ್ತಿರ ಲಕ್ಷ ಜನರ ಪೇಟೆಗೆ ದೊಡ್ಡ ಹಳ್ಳಿ ಎಂಬ ಹೆಸರು! ಜೊತೆಗಾರನಿಗೆ ಇದು ಅವಮಾನ. ನನಗೆ ಅಷ್ಟೇನೂ ಅಲ್ಲ ಅನ್ನಿಸಿತು. ಕಾಸರಗೋಡಿಗೂ ಒಬ್ಬರು ಕಾಸಾರ ಎನ್ನುತ್ತಾರೆ, ಕೆರೆಗಳ ಊರು. ಇನ್ನೊಬ್ಬರು ಕಾಸರಕದ ಮರ ಎನ್ನುತ್ತಾರೆ. ಎಲ್ಲರೂ ಹೆಸರಿನೊಳಗೆ ತಮ್ಮ ಭಾಷೆಯನ್ನು ಹುಡುಕುವವರೇ.

ಆ ಹೆಸರು ಇನ್ನೂ ದೂರಕ್ಕೂ ಹೋಗಿದೆ. 1944ರಲ್ಲಿ ಈ ಸೀಮೆಯ ಯಹೂದಿಗಳನ್ನು ರೈಲಿನಲ್ಲಿ ತುಂಬಿ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಸಿಗೆ ಕಳಿಸಿದರು. ಉಳಿದವರಲ್ಲಿ ಒಬ್ಬರಾದ ಸತ್ಮಾರಿನ ಗುರು ಯೋಯೆಲ್ ಟೈಟೆಲ್‌ಬೌಮ್ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಮತ್ತೆ ಮಠ ಕಟ್ಟಿದರು. ಅವರ ಹಿಂಬಾಲಕರು ಇವತ್ತಿಗೂ ತಮ್ಮನ್ನು ಸತ್ಮಾರ್ ಎಂದೇ ಕರೆದುಕೊಳ್ಳುತ್ತಾರೆ. ಸತ್ಮಾರ್ ಎಲ್ಲುಂಟು ಎಂದು ಕೇಳಿದರೆ ಉತ್ತರ ಕೇಳಿದವನ ಮೇಲೆ ಹೋಗುತ್ತದೆ.

ಖಾಲಿ ಚೆಕ್‌ಪೋಸ್ಟಿನ ಕೆಳಗೆ ದಾಟುವಾಗ ನಾನು ಸುಮ್ಮನಾದೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು, ಒಳದಾರಿಗಳಿಗೆ ಮಣ್ಣು ಸುರಿದದ್ದು ನೆನಪಾಯಿತು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ. ಆ ದಿನ ಮಂಗಳೂರಿನ ಆಸ್ಪತ್ರೆ ಪರದೇಶ ಆಯಿತು. ಒಂದೇ ದೇಶದೊಳಗಿನ ಗೆರೆ ಅದು. ನಾವು ಕನ್ನಡದವರು, ನಮ್ಮನ್ನು ಬಿಡಿ ಎಂದು ಆಚೆ ನಿಂತು ಕೇಳಿದರೆ ಮಣ್ಣಿನ ರಾಶಿಗೆ ಕನ್ನಡ ಬರುತ್ತಿರಲಿಲ್ಲ.

ಉಕ್ರೇನ್ ಕಡೆಯ ಗಡಿ ಹಾಗೆ ತೆರೆದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಬೆರೆಗಿನ ಒಬ್ಬ ನೇನಿ ಇದ್ದಾರೆ. ನೇನಿ ಎಂದರೆ ವಯಸ್ಸಾದ ಹೆಂಗಸರನ್ನು ಕರೆಯುವ ಮಾತು, ಗಂಡಸಾದರೆ ಬಾಚಿ. ಸಂಬಂಧ ಬೇಕಿಲ್ಲ, ನಮ್ಮ ಅಕ್ಕ, ಅಣ್ಣ ಇದ್ದ ಹಾಗೆ. ಅವರ ತಂಗಿಯ ಮನೆ ಬೆರೆಗ್‌ಸಾಸಿನಲ್ಲಿ. ಆಚೆಯ ಹಂಗೇರಿಯನ್ನರ ಮನೆಯಲ್ಲಿ ಬುಡಾಪೆಸ್ಟಿನ ಗಂಟೆ, ಕಚೇರಿಯಲ್ಲಿ ಕೀವಿನ ಗಂಟೆ, ಒಂದು ತಾಸು ವ್ಯತ್ಯಾಸ. ಅಲ್ಲಿ ಮದುವೆಗೆ ಕರೆದರೆ ಯಾವ ಗಂಟೆಯ ಪ್ರಕಾರ ಎಂದು ಮೊದಲು ಕೇಳಬೇಕಂತೆ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದಾಗ ಜಾಹೋಞ್ ಎಂಬ ಗಡಿ ಸ್ಟೇಷನ್ನಿಗೆ ರೈಲು ರೈಲು ಜನ ಬಂದಿಳಿದರು. ಆ ಸ್ಟೇಷನ್ ಇರುವುದೇ ಹಳಿಗಳ ಅಗಲ ಬದಲಾಗುವ ಜಾಗದಲ್ಲಿ. ಆಚೆಯ ಹಳಿ 1520 ಮಿಲಿಮೀಟರು, ಈಚೆಯದು 1435. ಎಂಬತ್ತೈದು ಮಿಲಿಮೀಟರಿನ ಆ ವ್ಯತ್ಯಾಸಕ್ಕಾಗಿ ಒಂದು ಇಡೀ ಊರು ಬದುಕಿಕೊಂಡು ಬಂದಿದೆ. ನೇನಿ ಆ ದಿನಗಳಲ್ಲಿ ದೊಡ್ಡ ಪಾತ್ರೆಯಲ್ಲಿ ಸೂಪು ಮಾಡಿ ಒಯ್ಯುತ್ತಿದ್ದರು. ಬಂದವರಲ್ಲಿ ಎಷ್ಟು ಜನ ಹಂಗೇರಿಯನ್ ಮಾತಾಡುವವರು ಎಂದು ಯಾರೂ ಕೇಳಲಿಲ್ಲ, ಅದು ಅವರ ದೊಡ್ಡತನ.

ಹೆಸರಿನ ವಿಚಾರಕ್ಕೇ ಬರುತ್ತೇನೆ. ಕನ್ನಡಿಗರು ಹೆಸರನ್ನು ಬದಲಾಯಿಸುವುದರಲ್ಲಿ ಗಟ್ಟಿಗರು. 1973ರಲ್ಲಿ ಮೈಸೂರು ಕರ್ನಾಟಕ ಆಯಿತು, ಆಗಬೇಕಾದದ್ದೇ. 2014ರಲ್ಲಿ ಬೆಲ್ಗಾಂ ಬೆಳಗಾವಿ, ಗುಲ್ಬರ್ಗ ಕಲಬುರಗಿ, ಬಿಜಾಪುರ ವಿಜಯಪುರ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ. ಇವುಗಳಲ್ಲಿ ಕೆಲವು ಇಂಗ್ಲಿಷಿನವನ ನಾಲಿಗೆಯನ್ನು ತಿದ್ದಿದ್ದು, ಸಂತೋಷ. ಆದರೆ ಪ್ರತಿ ಸಲವೂ ನಮ್ಮ ಉಪಾಯ ಒಂದೇ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು. ಎರಡನ್ನೂ ಒಟ್ಟಿಗೆ ಇಡುವ ಅಭ್ಯಾಸ ನಮಗಿಲ್ಲ. ಹೆಸರು ನಮಗೆ ಪಟ್ಟಾ ಇದ್ದ ಹಾಗೆ, ಒಬ್ಬರ ಹೆಸರಿನಲ್ಲಿ ಮಾತ್ರ ಇರತಕ್ಕದ್ದು. ಸಬೊಲ್ಚ್-ಸತ್ಮಾರ್-ಬೆರೆಗಿನವರ ಆ ಎರಡು ಅಡ್ಡಗೀಟುಗಳು ನನಗೆ ಮೆಚ್ಚುಗೆಯಾದದ್ದು ಇದಕ್ಕೆ. ಉದ್ದ ಆಯಿತು, ನಾಲಿಗೆ ತೊಡರಿತು, ಇರಲಿ. ಯಾರನ್ನೂ ಎಬ್ಬಿಸಲಿಲ್ಲ, ಪಂಕ್ತಿಯಲ್ಲಿ ಇನ್ನೊಂದು ಎಲೆ ಹಾಕಿದರು.

ಇದರಲ್ಲಿ ವಿಷ ಇಲ್ಲ ಎಂದು ನಾನು ಹೇಳುವುದಿಲ್ಲ. 2020ರ ಜೂನ್ 4ರಂದು, ತ್ರಿಯಾನೋನಿಗೆ ಸರಿಯಾಗಿ ನೂರು ತುಂಬಿದ ದಿನ, ತೆಂಕಣ ಗಡಿಯ ಚೋಂಗ್ರಾಡ್ ಜಿಲ್ಲೆಯನ್ನು ಚೋಂಗ್ರಾಡ್-ಚನಾಡ್ ಎಂದು ಮಾಡಿದರು. ಚನಾಡ್ ಎಂಬ ಹಳೇ ಜಿಲ್ಲೆಗೆ ಹೆಸರು ಕೊಟ್ಟ ಊರು ಈಗ ರುಮೇನಿಯದಲ್ಲಿ. ದಿನ ಆರಿಸಿದ್ದು ಸುಮ್ಮನೆ ಅಲ್ಲ. ನಮ್ಮ ಕಾರ್ಖಾನೆಯ ಪಾರ್ಕಿಂಗಿನಲ್ಲಿ ಹಿಂದಿನ ಗಾಜಿಗೆ 1920ರ ಮೊದಲಿನ ದೊಡ್ಡ ಹಂಗೇರಿಯ ನಕ್ಷೆ ಅಂಟಿಸಿದ ಕಾರುಗಳು ಎಷ್ಟೋ ಉಂಟು. ಆ ನಕ್ಷೆಯೊಳಗೆ ಬದುಕುವ ಸ್ಲೊವಾಕನಿಗೆ ಅದನ್ನು ನೋಡಿದರೆ ಹೇಗಾಗಬೇಡ? ಅಡ್ಡಗೀಟು ನೆನಪಿಗೂ ಆದೀತು, ಹಕ್ಕುಸಾಧನೆಗೂ ಆದೀತು. ಸತ್ಮಾರ್ ನಮ್ಮ ಹೆಸರಿನಲ್ಲೂ ಉಂಟು ಎನ್ನುವುದು ಬೇರೆ, ಸತ್ಮಾರ್ ನಮ್ಮದು ಎನ್ನುವುದು ಬೇರೆ.

2021ರಲ್ಲಿ ಕಾಸರಗೋಡಿನ ಕೆಲವು ಕನ್ನಡ ಹಳ್ಳಿಗಳ ಹೆಸರನ್ನು ಮಲಯಾಳಕ್ಕೆ ತಿರುಗಿಸುತ್ತಾರಂತೆ ಎಂಬ ಸುದ್ದಿ ಎದ್ದು ಬೆಂಗಳೂರಿನವರೆಗೆ ಗುಲ್ಲಾಯಿತು. ಅಂಥ ತೀರ್ಮಾನ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಸುದ್ದಿ ತಣ್ಣಗಾಯಿತು, ಬೆಂಗಳೂರಿನವರು ನಮ್ಮನ್ನು ಮತ್ತೆ ಮರೆತರು. ನನ್ನ ಅನಿಸಿಕೆ ಕೇಳಿದರೆ, ಬದಿಯಡ್ಕ, ನೀರ್ಚಾಲು, ಎಡನೀರು, ಮಧೂರು ಇವುಗಳನ್ನು ಒಂದು ಸರಕಾರದ ಆದೇಶ ಕೊಲ್ಲುವುದಕ್ಕಿಂತ ಮೊದಲು ಬಸ್ಸಿನ ಬೋರ್ಡು ಕೊಲ್ಲುತ್ತದೆ. ಅಡ್ಕ ಎಂದರೆ ನೀರು ನಿಲ್ಲದ ಒಣ ಬಯಲು ಎಂದು ಗೊತ್ತಿಲ್ಲದ ಪೇಂಟರ್ ಬರೆಯುವಾಗ ಒಂದು ದೀರ್ಘ ಹೆಚ್ಚು, ಒಂದು ಒತ್ತು ಕಡಿಮೆ. ನಾಳೆ ಮಕ್ಕಳು ಹಾಗೆಯೇ ಓದುತ್ತಾರೆ. ಸಾತು ಮಾರೆಯ ಬೋರ್ಡಿನಲ್ಲಿ ಎರಡು ಸಾಲು ಇದ್ದ ಹಾಗೆ ನಮ್ಮ ಪ್ರತಿ ಬೋರ್ಡಿನಲ್ಲೂ ಕನ್ನಡದ್ದೊಂದು ಸಾಲು ಸರಿಯಾದ ಕಾಗುಣಿತದಲ್ಲಿ ಇದ್ದರೆ ನನಗೆ ಸಾಕು. ಅಜ್ಜನಿಗೆ ಸಾಕಾಗುತ್ತಿರಲಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ನೇನಿ ನನ್ನನ್ನು ಪೆಞಿಗೆ ಎಂಬ ಹಳ್ಳಿಗೆ ಕರೆದುಕೊಂಡು ಹೋದರು. (ನೋಡಿ, ಮತ್ತೆ ಞ.) ಸತ್ಮಾರಿನ ಪ್ಲಮ್ ಹಣ್ಣಿನ ಸೀಮೆ ಅದು. ಅಲ್ಲಿಯ ಪ್ಲಮ್ಮಿನ ತಳಿಗೆ ನೆಮ್‌ತುದೊಮ್ ಎಂದು ಹೆಸರು, "ಗೊತ್ತಿಲ್ಲ" ಎಂದರ್ಥ. ಯಾರೋ ಬಂದು ಇದು ಯಾವ ತಳಿ ಎಂದು ಕೇಳಿದಾಗ ಹಳ್ಳಿಯವರು ಗೊತ್ತಿಲ್ಲ ಅಂದರಂತೆ, ಬಂದವ ಹಾಗೇ ಬರೆದುಕೊಂಡನಂತೆ. ಮೂರು ಹೆಸರಿಗಾಗಿ ನಲವತ್ತು ವರ್ಷ ಕಾದ ಜನ ತಮ್ಮ ಹಣ್ಣಿಗೆ ಇಂಥ ಹೆಸರನ್ನು ನಕ್ಕು ಒಪ್ಪಿಕೊಂಡಿದ್ದಾರೆ.

ಅಂಗಳದಲ್ಲಿ ತಾಮ್ರದ ದೊಡ್ಡ ಕಡಾಯಿ, ಕೆಳಗೆ ಕಟ್ಟಿಗೆಯ ಬೆಂಕಿ. ಬೀಜ ತೆಗೆದ ಹಣ್ಣು ಹಾಕಿ ಹಿಂದಿನ ದಿನದಿಂದ ಕುದಿಸುತ್ತಿದ್ದರು. ಸಕ್ಕರೆ ಇಲ್ಲ, ನೀರಿಲ್ಲ, ಕೈ ಮಾತ್ರ ನಿಲ್ಲುವಂತಿಲ್ಲ. ಉದ್ದದ ಮರದ ಹುಟ್ಟು ಸರದಿಯ ಮೇಲೆ ಕೈ ಬದಲಾಗುತ್ತಿತ್ತು. ಬಣ್ಣ ಕೆಂಪಿನಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ. ಚಮಚ ತಲೆಕೆಳಗೆ ಮಾಡಿದರೂ ಬೀಳಬಾರದು, ಅದು ಹದ. ಲೆಕ್ವಾರ್ ಅನ್ನುತ್ತಾರೆ. ನನ್ನ ಸರದಿ ಬಂದಾಗ ಹೊಗೆ ಕಣ್ಣಿಗೆ ಹೊಡೆಯಿತು, ನಮ್ಮ ಹಿತ್ತಿಲಿನ ವಾಸನೆಯೇ ಬಂತು. ಮಳೆ ಹಿಡಿಯುವ ಮೊದಲು ಅಮ್ಮ ಉರುಳಿಯಲ್ಲಿ ಹಲಸಿನ ಹಣ್ಣು ಕಾಸುವುದು ಹೀಗೆಯೇ, ಕೈಬಿಡದೆ, ಉರುಳಿಯ ತಳ ಬಿಡುವ ತನಕ. ಆ ಬೆರಟಿ ಒಂದು ವರ್ಷ ಕೆಡುವುದಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಒಂದು ಕುಪ್ಪಿ ಲೆಕ್ವಾರ್ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ನಡುವೆ ಇಟ್ಟೆ. ಅಮ್ಮ ಬೆರಳಿನಲ್ಲಿ ತೆಗೆದು ನಾಲಿಗೆಗೆ ಹಚ್ಚಿ, "ಹುಳಿ ಉಂಟು, ಆದರೆ ಪಾಕ ಸರಿಯಾಗಿದೆ" ಅಂದರು. ಎಲ್ಲಿಯದ್ದು ಎಂದು ಕೇಳಿದರು. ಹಂಗೇರಿಯದ್ದು, ಆದರೆ ಸತ್ಮಾರಿನದ್ದು, ಸತ್ಮಾರ್ ಪೇಟೆ ಈಗ ರುಮೇನಿಯದಲ್ಲಿ ಎಂದು ನಾನು ಶುರು ಮಾಡಿದೆ. ಅವರು ಪೂರ್ತಿ ಕೇಳಲಿಲ್ಲ. ಕುಪ್ಪಿಯನ್ನು ಹಲಸಿನ ಭರಣಿಯ ಪಕ್ಕ ಇಟ್ಟು, ಕಾಗದದ ಚೂರು ಅಂಟಿಸಿ, ಡಾಟ್ ಪೆನ್ನಿನಲ್ಲಿ ಬರೆದರು: ಸತ್ಮಾರ್ ಬೆರಟಿ.